ಬೈರಗುಂಡಿ ತಿರುವಿನ ಅಯಸ್ಕಾಂತದ ತಂಗುದಾಣ

ಪ್ರೇಮಲತಾ ಟೀಚರ್ ಯಾರನ್ನಾದರೂ ಬೈಯಲು ಬಾಯಿ ತೆರೆಯಬೇಕಾಗಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಎದುರಿಗಿದ್ದವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಕನ್ನಡಕವನ್ನು ಮತ್ತೆ ಮೇಲಕ್ಕೆ ಸರಿಸಿಕೊಂಡರೆ ಸಾಕಿತ್ತು. ಇಲ್ಲಿ ನೋಡುವಂಥದ್ದು ಏನೂ ಇಲ್ಲ ಎಂಬ ತೀರ್ಪು ಅದು. ಗೋಣಿಬೀಡಿನ ಶಾಲೆಯಲ್ಲಿ ಅವಳ ಕೈಯಲ್ಲಿ ಕಲಿತು ಈಗ ಲಾರಿ ಓಡಿಸುವ, ಅಂಗಡಿ ಇಟ್ಟಿರುವ, ಪಂಚಾಯಿತಿ ಮೆಂಬರಾಗಿರುವ ಗಂಡಸರು ಕೂಡ ಆ ಕನ್ನಡಕ ಇಳಿಯುವುದನ್ನು ಕಂಡರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ಮಾಡಿದವರಿಗೆ ಉತ್ತರ ಸಿದ್ಧವಿತ್ತು. "ನೋಡಕ್ಕೆ ಬಂದ ಗಂಡುಗಳೆಲ್ಲ ಟೀಚರ್ ಸಂಬಳ ಎಷ್ಟು ಅಂತ ಕೇಳಿದ್ರು. ಹೆಸರು ಎಂತ ಅಂತ ಕೇಳಿದವನು ಒಬ್ಬನೂ ಇಲ್ಲ. ಹೆಸರಿಲ್ಲದವಳಿಗೆ ಲಗ್ನಪತ್ರಿಕೆ ಹೆಂಗೆ ಹೊಡಿಸ್ತಾರೆ?"

ಅವಳ ಅರ್ಧ ಆಯುಷ್ಯ ಬೈರಗುಂಡಿ ತಿರುವಿನಲ್ಲಿ ನಿಂತೇ ಕಳೆದಿತ್ತು. ಮೂಡಿಗೆರೆ ಕಡೆಯಿಂದ ಗೋಣಿಬೀಡಿಗೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತದೆ. ಎಂದರೆ, ಡ್ರೈವರಿಗೆ ಮನಸ್ಸಿದ್ದರೆ ನಿಲ್ಲುತ್ತದೆ. ಒಂದು ಬದಿಗೆ ಅವಳ ತಮ್ಮ ಚಂದ್ರಶೇಖರಪ್ಪನ ಕಾಫಿ ತೋಟದ ಬೇಲಿ, ಇನ್ನೊಂದು ಬದಿಗೆ ಇಳಿಜಾರು. ತೊಂಬತ್ತರ ದಶಕದಲ್ಲಿ ಅಲ್ಲೊಂದು ಮೈಲಿಗಲ್ಲಿತ್ತು. ದುಂಡು ತಲೆಯ, ಮೊಣಕಾಲೆತ್ತರದ ಹಳೆಯ ಕಲ್ಲು. ದಿನಾ ಬೆಳಿಗ್ಗೆ ಅವಳ ತಾಯಿ ಅಣ್ಣಮ್ಮ ಮಗಳ ಊಟದ ಡಬ್ಬಿ ಹಿಡಿದುಕೊಂಡು ತೋಟದಂಚಿನ ಎರಡು ಕೋಣೆಯ ಮನೆಯಿಂದ ತಿರುವಿನವರೆಗೆ ಜೊತೆಗೆ ಬರುತ್ತಿದ್ದಳು. ಬಂದು, ಮಂಡಿ ಮಡಿಸುವಾಗ "ಅಮ್ಮಾ" ಎಂದು ನರಳಿ, ಆ ಮೈಲಿಗಲ್ಲಿನ ಮೇಲೆ ಕೂರುತ್ತಿದ್ದಳು. ಬಸ್ಸು ಬರುವವರೆಗೂ ಏಳುತ್ತಿರಲಿಲ್ಲ. ನಡುವಯಸ್ಸಿನ ಮಗಳನ್ನು ಶಾಲೆಗೆ ಕಳಿಸಲು ತಾಯಿ ಬರುತ್ತಾಳೆಂದು ಕಂಡಕ್ಟರು ನಕ್ಕರೆ ಅಣ್ಣಮ್ಮ, "ಅವಳು ದಾರೀಲಿ ಯಾರ ಮರ್ಯಾದೆ ತೆಗಿತಾಳೋ ಅಂತ ಕಾವಲಿಗೆ ಬರ್ತೀನಿ ಮಾರಾಯ" ಎನ್ನುತ್ತಿದ್ದಳು.

ಪ್ರೇಮಲತಾಳ ತಿರಸ್ಕಾರದಿಂದ ತಪ್ಪಿಸಿಕೊಂಡ ಮನುಷ್ಯಜೀವಿ ಅಣ್ಣಮ್ಮ ಒಬ್ಬಳೇ. ಅವಳ ತವರು ಕಳಸದ ಹತ್ತಿರದ ಹಳ್ಳಿ. ಅಲ್ಲಿನ ಹೊಳೆಯಂಚಿನಲ್ಲಿ ಕಪ್ಪಗೆ ಹೊಳೆಯುವ ಮರಳು ಸಿಗುತ್ತದೆ. ಸಾಧಾರಣ ಮರಳಿಗಿಂತ ಭಾರ, ಬೆರಳಿಗೆ ನುಣುಪು, ಮೈತುಂಬ ಕಬ್ಬಿಣ. ತವರಿನಿಂದ ಬರುವಾಗಲೆಲ್ಲ ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದು, ತಟ್ಟೆಯಲ್ಲಿ ಹರವಿ, ಮಗಳ ಬೆರಳು ಹಿಡಿದು ಅದರಲ್ಲಿ ಅಕ್ಷರ ತಿದ್ದಿಸಿದ್ದಳು. ಮುರಿದ ರೇಡಿಯೋದ ಅಯಸ್ಕಾಂತವನ್ನು ತಟ್ಟೆಯ ಮೇಲೆ ಹಿಡಿದರೆ ಆ ಮರಳು ರೋಮ ನಿಂತ ಹಾಗೆ ನಿಲ್ಲುವುದನ್ನು ತೋರಿಸಿದ್ದೂ ಅವಳೇ. ಮಗಳು ಟೀಚರಾಗಿ ಪ್ರತಿವರ್ಷ ಐದನೇ ಕ್ಲಾಸಿಗೆ ಅದನ್ನೇ ತೋರಿಸುತ್ತಿದ್ದಳು. ಮಗ ಚಂದ್ರುವಿಗೂ ಅಣ್ಣಮ್ಮ ಅದರಲ್ಲೇ ಅಕ್ಷರ ಕಲಿಸಲು ಕೂತಿದ್ದಳು. ಅವನು ಒಂದು ಹಿಡಿ ಮರಳನ್ನು ಅಕ್ಕನ ಕಣ್ಣಿಗೆ ಎರಚಿ ಓಡಿಹೋಗಿದ್ದ.

ರಸ್ತೆ ಅಗಲ ಮಾಡುವಾಗ ಮೈಲಿಗಲ್ಲನ್ನು ಕಿತ್ತರು. ಅದರ ಜಾಗದಲ್ಲಿ ತೆಳ್ಳಗಿನ ಸಿಮೆಂಟು ಹಲಗೆ ಬಂತು, ಕಾಗೆ ಕೂಡ ಕೂರಲಾಗದಂಥದ್ದು. ಅಣ್ಣಮ್ಮ ನಿಂತುಕೊಂಡೇ ಕಾಯತೊಡಗಿದಳು. ಮಂಡಿ ನೋವು ತಡೆಯದೆ ಒಂದು ದಿನ ರಸ್ತೆಬದಿಯ ಮಣ್ಣಿನಲ್ಲಿ ಕೂತುಬಿಟ್ಟಳು. ಮೇಲೇಳಲು ಆಗಲಿಲ್ಲ. ಬಸ್ಸಿನ ತುಂಬ ಜನ ನೋಡುತ್ತಿರುವಾಗ ಕಂಡಕ್ಟರೂ ಮಗಳೂ ಸೇರಿ ಅವಳನ್ನು ಎತ್ತಿ ನಿಲ್ಲಿಸಬೇಕಾಯಿತು. ಅವತ್ತು ಸಂಜೆ ಅಣ್ಣಮ್ಮ ಇಬ್ಬರು ಮಕ್ಕಳನ್ನೂ ಕರೆದು ಹೇಳಿದಳು. "ನಾನು ಸತ್ರೆ ಸಮಾಧಿ ಗಿಮಾಧಿ ಎಂತದೂ ಬೇಡ. ಆ ತಿರುವಲ್ಲಿ ಕೂರಕ್ಕೆ ಒಂದು ಕಲ್ಲು ಹಾಕ್ಸಿ. ಮಂಡಿನೋವಿನ ಮುದುಕೀರು ಯಾರಾದ್ರೂ ಕೂತ್ಕಳ್ಳಿ."

"ಆಯ್ತಮ್ಮ" ಅಂದ ಚಂದ್ರಶೇಖರಪ್ಪ. ಮರುವರ್ಷ ಅಣ್ಣಮ್ಮ ತೀರಿಕೊಂಡಳು.

ಈ ಚಂದ್ರಶೇಖರಪ್ಪನ ವಿಷಯ ಸ್ವಲ್ಪ ಹೇಳಬೇಕು. ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿನವರ ಕಾಫಿಗಿಡ ಸುಟ್ಟುಹೋದ ವರ್ಷ ಅವನು ಇಲ್ಲಿ ತನ್ನ ಸ್ವಂತ ಬುದ್ಧಿಯಿಂದ ಶ್ರೀಮಂತನಾದ. ಕಾಫಿಗೆ ಕಂಡರಿಯದ ಬೆಲೆ ಬಂತು. ಅಪ್ಪ ಬಿಟ್ಟುಹೋದ ಸಣ್ಣ ತೋಟ ಒಂದೇ ಸುಗ್ಗಿಯಲ್ಲಿ 'ಎಸ್ಟೇಟ್' ಆಯಿತು. ಗೇಟಿಗೆ ಎರಡು ಸಿಮೆಂಟಿನ ಸಿಂಹಗಳು ಬಂದವು. ಎರಡಕ್ಕೂ ಮುಖ ಚಂದ್ರಶೇಖರಪ್ಪನದೇ ಎಂದು ಪ್ರೇಮಲತಾ ಹೇಳುತ್ತಿದ್ದಳು. ಬೆಲೆ ಬಿದ್ದಾಗ ವೆನಿಲ್ಲಾ ಹಚ್ಚಿಕೊಂಡ. ಬಳ್ಳಿಯ ಹೂವಿಗೆ ಒಂದೊಂದಕ್ಕೂ ಕೈಯಿಂದ ಪರಾಗ ಮುಟ್ಟಿಸಬೇಕು. ಬೆಳಿಗ್ಗೆ ಎದ್ದು ಕಡ್ಡಿ ಹಿಡಿದು ಹೂವಿಗೆ ಮದುವೆ ಮಾಡಿಸುತ್ತಾ ಓಡಾಡಿದ. ವೆನಿಲ್ಲಾ ಕೂಡ ಬಿದ್ದಿತು. ಆಮೇಲೆ ಹೋಂಸ್ಟೇ. ಬೆಂಗಳೂರಿನಿಂದ ಬಂದವರಿಗೆ ಅಕ್ಕಿರೊಟ್ಟಿ ತಿನ್ನಿಸಿ, ಜೀಪಿನಲ್ಲಿ ಕುಲುಕಾಡಿಸಿ, "ನಮ್ಮದು ಹಳೇ ಪ್ಲಾಂಟರ್ ಫ್ಯಾಮಿಲಿ" ಎನ್ನುವ ಕೆಲಸ. ಹಿತ್ತಿಲಲ್ಲಿ ಅಣ್ಣಮ್ಮ ಕೂತು ಕಾಫಿಬೀಜ ಆರಿಸುತ್ತಿದ್ದ ಹಾಸುಗಲ್ಲನ್ನು ಎತ್ತಿಸಿ ತಂದು ಹೋಂಸ್ಟೇ ಅಂಗಳದಲ್ಲಿಟ್ಟು, ಅದರ ಮೇಲೆ ಕಳ್ಳಿಗಿಡದ ಕುಂಡ ಜೋಡಿಸಿದ್ದ. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅಮ್ಮನಿಗೆ ವರ್ಷದ ಎಡೆ ಇಟ್ಟ ದಿನ ಪ್ರೇಮಲತಾ ಪ್ರತಿ ಸಲವೂ ಕೇಳುತ್ತಿದ್ದಳು. "ಕಲ್ಲು ಎಲ್ಲಿಗೆ ಬಂತು ಚಂದ್ರು?"

"ಒಂದು ಕಲ್ಲು ಹಾಕ್ಸಿದ್ರೆ ಜನ ಎಂತ ಅಂತಾರೆ ಅಕ್ಕ? ಚಂದ್ರಶೇಖರಪ್ಪ ಹೆತ್ತಮ್ಮನಿಗೆ ಒಂದು ಕಲ್ಲು ಒಗೆದ ಅಂತಾರೆ. ತಂಗುದಾಣವೇ ಕಟ್ಟಿಸ್ತೀನಿ."

ಅವನು ಹೇಳಿದ್ದರಲ್ಲಿ ಊರಿನ ನ್ಯಾಯವೂ ಇತ್ತು. ಈ ಕಡೆ ಉಳ್ಳವರು ಸತ್ತರೆ ಬಸ್ ತಂಗುದಾಣವಾಗುತ್ತಾರೆ. ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ರಸ್ತೆಯುದ್ದಕ್ಕೂ ಯಾರದೋ ತಂದೆ, ಯಾರದೋ ತಾಯಿ ಸೂರಾಗಿ ನಿಂತಿದ್ದಾರೆ. ನಾಲ್ಕು ಕಂಬ, ಮೇಲೆ ಹೆಂಚು, ಒಳಗೆ ಸಿಮೆಂಟಿನ ಕಟ್ಟೆ. ಗೋಡೆಯ ಮೇಲೆ ಸತ್ತವರ ಹೆಸರು ಸಣ್ಣದಾಗಿ, ಕಟ್ಟಿಸಿದವರ ಹೆಸರು ದೊಡ್ಡದಾಗಿ. ಇದನ್ನು ಮಗನೇ ಮಾಡಬೇಕು. ಮಗನಿರುವಾಗ ಮಗಳು ಮಾಡಿಸಿದರೆ ಮಗ ಸತ್ತಂತೆ ಲೆಕ್ಕ. ಪ್ರೇಮಲತಾ ಊರನ್ನೆಲ್ಲ ತಿರಸ್ಕರಿಸುತ್ತಿದ್ದಳಾದರೂ ಊರಿನ ಈ ಒಂದು ಕಟ್ಟಳೆಯನ್ನು ದಾಟಲು ಆಗದೆ ಕಾದಳು. ಅಮ್ಮ ಕೇಳಿದ್ದ ಒಂದು ಕಲ್ಲು ತಮ್ಮನ ದೊಡ್ಡಸ್ತಿಕೆಯ ಕೆಳಗೆ ವರ್ಷದಿಂದ ವರ್ಷಕ್ಕೆ ಹೂತುಹೋಗುವುದನ್ನು ನೋಡುತ್ತಾ ಕಾದಳು.

ಎರಡು ಸಾವಿರದ ಎಂಟನೇ ಇಸವಿಯ ಬೇಸಿಗೆಯಲ್ಲಿ ಅವನು ಓಡೋಡಿ ಬಂದ. "ಅಕ್ಕಾ, ಅಮ್ಮನ ತಂಗುದಾಣ ರೋಬೋಟ್ ಕಟ್ತದೆ!"

ಕನ್ನಡಕ ಇಳಿಯಿತು.

ಅವನ ಹೋಂಸ್ಟೇಗೆ ಒಬ್ಬ ಬಿಳಿಯ ಪ್ರೊಫೆಸರ್ ಬಂದಿದ್ದನಂತೆ. ಕಟ್ಟಡಗಳ ವಿನ್ಯಾಸ ಕಲಿಸುವವನು. ಬೆಂಗಳೂರಿನ ಒಂದು ಕಾಲೇಜಿನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಕಾರು ಕಾರ್ಖಾನೆಯೊಂದು ಮಾರಿದ ಹಳೆಯ ಯಂತ್ರದ ತೋಳಿಗೆ ವಿದ್ಯುತ್ತಿನ ಅಯಸ್ಕಾಂತ ಸಿಕ್ಕಿಸಿ, ಅದರಿಂದ ಚಾವಣಿ ಎಳೆಯುತ್ತಾನಂತೆ. ಅವನಿಗೆ ಬೇಕಾದದ್ದು ದೊಡ್ಡ ಗೋಡೌನು, ತ್ರೀ ಫೇಸ್ ಕರೆಂಟು, ಯಾವುದಾದರೂ ಒಂದು ನಿಜವಾದ ಜಾಗ. ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು ಆಗಲೇ ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಹೋಗಿ ಚಂದ್ರಶೇಖರಪ್ಪನ ಗೋಡೌನು ಖಾಲಿಯಿತ್ತು.

"ಲೋಕದಲ್ಲೇ ಮೊದಲು ಅಕ್ಕ. ಪೇಪರಲ್ಲಿ ಬರ್ತದೆ."

"ಅಮ್ಮ ಕೇಳಿದ್ದು ಕೂರಕ್ಕೆ."

"ಅದೆಲ್ಲ ಇರ್ತದೆ ಮಾರಾಯ್ತಿ. ಕೂರಕ್ಕಾಗದ ಬಸ್ ಸ್ಟಾಂಡ್ ಯಾರಾದ್ರೂ ಕಟ್ತಾರಾ?"

ಕಟ್ಟುತ್ತಾರೆ ಎಂದು ಅವಳಿಗೆ ಮುಂದಿನ ವಾರವೇ ತಿಳಿಯಿತು. ಶಾಲೆಗೆ ರಜೆ ಬಿಟ್ಟಿತ್ತು. ಪ್ರೊಫೆಸರನ ಇಂಗ್ಲಿಷು, ಆಳುಗಳ ಕನ್ನಡ, ಎರಡರ ನಡುವೆ ನಿಲ್ಲಲು ತಮ್ಮ ಅವಳನ್ನೇ ಕರೆದ. ಬರಲೊಲ್ಲೆ ಎಂದರೆ ಅಮ್ಮನ ಹೆಸರಿನಲ್ಲಿ ಏನು ಅವಾಂತರ ಆಗುತ್ತದೋ ಗೊತ್ತಾಗುವುದಿಲ್ಲ ಎಂದು ಹೋದಳು.

ಗೋಡೌನಿನ ನಡುವೆ ಹಳದಿ ಬಣ್ಣದ ಆ ತೋಳು ನಿಂತಿತ್ತು. ಆನೆಯ ಸೊಂಡಿಲನ್ನು ಮಾತ್ರ ಕತ್ತರಿಸಿ ನೆಟ್ಟ ಹಾಗೆ. ತೋಟದ ಹಳೆಯ ಮೇಸ್ತ್ರಿ ಗಿಡ್ಡಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕನ್ನಡ ಬಲ್ಲ ವಿದ್ಯಾರ್ಥಿನಿಯನ್ನು ಕೇಳಿದ. "ಇದಕ್ಕೆ ಕಾಫಿ ಕುಯ್ಯಕ್ಕೆ ಬರ್ತದನಾ ಅವ್ವ?"

"ಇಲ್ಲ, ಕಂಪ್ಯೂಟರಲ್ಲಿ ನಾವು ಬರೆದದ್ದನ್ನ ಮಾತ್ರ ಮಾಡುತ್ತೆ."

"ಚಿಗುರು ತೆಗೆಯಕ್ಕೆ?"

"ಇಲ್ಲ."

"ಮೂಟೆ ಹೊರಕ್ಕೂ ಇಲ್ಲ? ಓ, ಹಂಗಾರೆ ಲೆಕ್ಕ ಬರಿಯೋ ನಮ್ಮ ಎಸ್ಟೇಟ್ ರೈಟರ್ ಇದ್ದಂಗೆ ಅನ್ನಿ."

ಆ ಹುಡುಗಿ ಬಾಯಿ ತುಂಬ ನಕ್ಕಳು. ರೂಪಶ್ರೀ ಅವಳ ಹೆಸರು. ಉಳಿದ ವಿದ್ಯಾರ್ಥಿಗಳು ಜಿಗಣೆಗೆ ಹೆದರಿ ಕಾಲಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು, ಆಳುಗಳ ಎದುರೇ ಆಳುಗಳ ಫೋಟೋ ತೆಗೆದುಕೊಂಡು, ತಮ್ಮೊಳಗೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡಿದ್ದರು. ಅವರನ್ನೆಲ್ಲ ಒಂದೇ ನೋಟದಲ್ಲಿ ಮುಗಿಸಿದ ಪ್ರೇಮಲತಾಳ ಕನ್ನಡಕ ರೂಪಶ್ರೀಯ ಹತ್ತಿರ ಬಂದಾಗ ಇಳಿಯಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಮೇಣಕ್ಕೆ ಅಂಟು ಸೇರಿಸಿ ಕಾಯಿಸಿ, ಅದರಲ್ಲಿ ಕಬ್ಬಿಣದ ಪುಡಿ ಕಲಸಿ, ಅಗಲವಾದ ತಟ್ಟೆಯಲ್ಲಿ ಹೊಯ್ಯುವುದು. ಹಳದಿ ತೋಳು ಬಗ್ಗಿ ಅಯಸ್ಕಾಂತವನ್ನು ಅದರ ಮೇಲೆ ತರುತ್ತದೆ. ಬಿಸಿ ಪಾಕ ಎದ್ದು ನಿಲ್ಲುತ್ತದೆ. ತೋಳು ನಿಧಾನವಾಗಿ ಎತ್ತರಕ್ಕೆ ಹೋದಂತೆ ಪಾಕವೂ ಎಳೆಎಳೆಯಾಗಿ ಹಿಂದೆಯೇ ಏರುತ್ತದೆ. ಫ್ಯಾನಿನ ಗಾಳಿಗೆ ತಣಿದು ಹಾಗೆಯೇ ಗಟ್ಟಿಯಾಗುತ್ತದೆ. ಅಂಥ ಹಲಗೆಗಳನ್ನು ಬೋರಲು ತಿರುಗಿಸಿ ಕಬ್ಬಿಣದ ಚೌಕಟ್ಟಿಗೆ ಬಿಗಿದರೆ ತಲೆಯ ಮೇಲೆ ಬೇರುಗಳು ಇಳಿಬಿದ್ದ ಹಾಗೆ ಚಾವಣಿ. ಅಚ್ಚು ಬೇಡ, ಮರ ಬೇಡ, ಗಾರೆ ಬೇಡ; ಅಯಸ್ಕಾಂತವೇ ಕೈ, ಅಯಸ್ಕಾಂತವೇ ಕರಣೆ ಎಂದು ಪ್ರೊಫೆಸರ್ ಹೇಳಿದ. ಮೊದಲ ಸಲ ನೋಡಿದಾಗ ಪ್ರೇಮಲತಾ ಕೂಡ ತಟ್ಟೆಯ ಹತ್ತಿರಕ್ಕೆ ಬಗ್ಗಿದಳು. ಅಮ್ಮನ ತಟ್ಟೆ ನೆನಪಾಯಿತು. ಮರುಗಳಿಗೆಯೇ ಸಿಟ್ಟು ಬಂತು. ಇಷ್ಟು ದೊಡ್ಡ ತೋಳು, ಇಷ್ಟು ತಂತಿ, ಇಷ್ಟು ದೊರೆಗಳು, ಮಾಡುವುದು ಐದನೇ ಕ್ಲಾಸಿನ ಪಾಠ!

ಈ ಊರಿನದೇ ಏನಾದರೂ ಅದರಲ್ಲಿ ಬೆರೆಸಬೇಕು ಎಂದು ಪ್ರೊಫೆಸರ್ ಹಂಬಲಿಸಿದಾಗ ಚಂದ್ರಶೇಖರಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. "ಕಳಸದ ಕಪ್ಪು ಮರಳು. ನನ್ನ ತಾಯಿ ನನ್ನ ಬೆರಳು ಹಿಡಿದು ಆ ಮರಳಲ್ಲೇ ಅಕ್ಷರ ಕಲಿಸಿದ್ದು." ಅವನ ಕಣ್ಣಲ್ಲಿ ನೀರೂ ಬಂತು. ಆ ಮರಳು ಹೊಕ್ಕ ಕಣ್ಣುಗಳನ್ನು ಹೊತ್ತ ಅಕ್ಕ, ಅದನ್ನು ಒಂದು ಅಕ್ಷರ ಬಿಡದೆ ಇಂಗ್ಲಿಷಿಗೆ ಮಾಡಿ ಹೇಳಬೇಕಾಯಿತು. ಸೋದರಮಾವನ ಮಕ್ಕಳ ಗದ್ದೆಯಂಚಿನಿಂದ ಟ್ರ್ಯಾಕ್ಟರಿನಲ್ಲಿ ಮರಳು ಬಂತು.

ಒಂದು ಮಧ್ಯಾಹ್ನ ತೋಳು ಮೇಲೇರಿ, ಪಾಕ ಮೊಳದುದ್ದ ಎದ್ದು ನಿಂತಿದ್ದಾಗ ಕರೆಂಟು ಹೋಯಿತು. ಅಯಸ್ಕಾಂತ ಬರೀ ಕಬ್ಬಿಣವಾಯಿತು. ಎದ್ದದ್ದೆಲ್ಲ ಸೆಗಣಿ ಬಿದ್ದ ಹಾಗೆ ತಟ್ಟೆಗೆ ಬಿತ್ತು. ಪ್ರೊಫೆಸರ್ ಅದನ್ನು ಬಹಳ ಹೊತ್ತು ನೋಡಿ ಏನೋ ಹೇಳಿದ.

"ಎಂತ ಹೇಳ್ತಾರೆ?" ಎಂದ ಗಿಡ್ಡಪ್ಪ.

"ಬಿದ್ದದ್ದೂ ಒಂದು ರೂಪವಂತೆ," ಎಂದಳು ಪ್ರೇಮಲತಾ. "ನಮ್ಮ ಶಾಲೇಲಿ ಅದಕ್ಕೆ ಸೊನ್ನೆ ಅಂತೀವಿ."

ಅವತ್ತೇ ಅವಳು ಮೇಜಿನ ಮೇಲಿದ್ದ ತಂಗುದಾಣದ ಚಿತ್ರವನ್ನು ಸರಿಯಾಗಿ ನೋಡಿದ್ದು. ಚಾವಣಿ ಇತ್ತು, ಬೇರುಗಳಿದ್ದವು, ಹಿಂಬದಿಯಲ್ಲಿ ಅಮ್ಮನ ಫೋಟೋಗೆ ಗೂಡಿತ್ತು. ಕೂರಲು ಜಾಗವಿರಲಿಲ್ಲ. ತನ್ನ ಶಾಲೆಯ ಇಂಗ್ಲಿಷಿನಲ್ಲಿ ಪ್ರೊಫೆಸರನನ್ನು ನೇರವಾಗಿ ಕೇಳಿದಳು. ಅವನು ಪ್ರಸನ್ನನಾಗಿ, ಇದು ಕೂರುವುದಕ್ಕಲ್ಲ, ಅನುಭವಿಸುವುದಕ್ಕೆ ಎಂದ.

"ನಮ್ಮಮ್ಮನ ಮಂಡಿಗೆ ಅನುಭವ ಬೇಕಾದಷ್ಟಿತ್ತು," ಎಂದು ಅವಳು ಕನ್ನಡದಲ್ಲಿ ಹೇಳಿ ತಮ್ಮನ ಕಡೆ ತಿರುಗಿದಳು. "ಕೇಳಿದ್ಯಾ?"

ಚಂದ್ರಶೇಖರಪ್ಪ ಚಿತ್ರದಲ್ಲಿ ತನ್ನ ಹೆಸರಿನ ಫಲಕ ಎಲ್ಲಿ ಬರುತ್ತದೆ ಎಂದು ಹುಡುಕುತ್ತಿದ್ದ. "ಮೊದಲು ಇದಾಗ್ಲಿ ಅಕ್ಕ. ಬೆಂಚು ಆಮೇಲೆ ನೋಡನ."

ಹೊರಗೆ ಕಣದಲ್ಲಿ ರೂಪಶ್ರೀ ಅವಳ ಹಿಂದೆ ಬಂದಳು. "ಟೀಚರ್, ನಾನು ಪ್ಲಾನಲ್ಲಿ ಬೆಂಚ್ ಹಾಕಿದ್ದೆ. ಸರ್ ತೆಗೆಸಿದ್ರು. ರೂಪ ಕೆಡುತ್ತೆ ಅಂದ್ರು."

"ನೀನು ಸುಮ್ನಿದ್ದೆ."

"ನಾನು ಸ್ಟೂಡೆಂಟ್ ಟೀಚರ್."

ಪ್ರೇಮಲತಾ ಅವಳಿಗೆ ಕಾಫಿ ತರಿಸಿದಳು. ಅಮ್ಮನ ತಟ್ಟೆಯ ಕಥೆ, ಮೈಲಿಗಲ್ಲಿನ ಕಥೆ ಎರಡನ್ನೂ ಹೇಳಿದಳು. ಯಾರಿಗೂ ಹಾಗೆ ಕೂತು ಹೇಳಿರಲಿಲ್ಲ. ಕೇಳುತ್ತಾ ಕೇಳುತ್ತಾ ಹುಡುಗಿ ಬಿಸಿ ಲೋಟವನ್ನು ಪಕ್ಕದಲ್ಲಿದ್ದ ಚಾವಣಿಯ ಒಂದು ಕಪ್ಪು ಹಲಗೆಯ ಮೇಲೆ ಇಟ್ಟುಬಿಟ್ಟಿದ್ದಳು. ಎತ್ತಿದಾಗ ಹಲಗೆಯಲ್ಲಿ ಲೋಟದ ಗಾತ್ರದ ಬಳೆ ಇಳಿದಿತ್ತು. ಅವಳ ಮುಖ ಸಣ್ಣದಾಯಿತು.

"ಬಿಸಿಲು ತಡೆಯುತ್ತೆ, ಟೆಸ್ಟ್ ಮಾಡಿದೀವಿ. ಅದಕ್ಕಿಂತ ಬಿಸಿ ತಾಗಬಾರದು. ಅಲ್ಲಿ ಬೆಂಕಿ ಏನೂ ಇರಲ್ಲ ಅಲ್ವಾ ಟೀಚರ್?"

ಪ್ರೇಮಲತಾ ಒಳಗೆ ಕೂಗಿ ಕೇಳಿದಳು. "ಚಂದ್ರೂ, ಅಲ್ಲಿ ಬೆಂಕಿ ಗಿಂಕಿ ಉಂಟಾ ಅಂತ ಕೇಳ್ತಾಳೆ."

"ಬಸ್ ಸ್ಟಾಂಡಲ್ಲಿ ಯಾರು ಬೆಂಕಿ ಹಾಕ್ತಾರೆ ಮಾರಾಯ್ತಿ!"

ಅವಳಿಗೂ ಅದು ಸರಿಯಾದ ಉತ್ತರವೇ ಅನಿಸಿತು. ಗಿಡ್ಡಪ್ಪನೂ ಹೌದೆಂದು ತಲೆಯಾಡಿಸಿದ.

ಉದ್ಘಾಟನೆಯ ದಿನ ತಿರುವಿನಲ್ಲಿ ಶಾಮಿಯಾನ ಎದ್ದಿತು. ಚೌಕಟ್ಟಿಗೆ ಬಿಗಿದ ಚಾವಣಿ ಕಪ್ಪಗೆ, ಮಿರಿಮಿರಿ, ತಲೆಗೆ ತಾಗುವಷ್ಟು ಕೆಳಕ್ಕೆ ಬೇರುಗಳನ್ನು ಇಳಿಬಿಟ್ಟು ನಿಂತಿತ್ತು. ಚಂದವಾಗಿಲ್ಲ ಎಂದು ಹೇಳಲು ಪ್ರೇಮಲತಾ ಬಹಳ ಪ್ರಯತ್ನಪಟ್ಟಳು. ಎದುರಿಗೆ ಆಳೆತ್ತರದ ಫಲಕ. ಅದರಲ್ಲಿ ಚಂದ್ರಶೇಖರಪ್ಪ ಎಂಬ ಹೆಸರನ್ನು ಬಸ್ಸಿನಲ್ಲಿ ಕೂತೇ ಓದಬಹುದಿತ್ತು; ಅಣ್ಣಮ್ಮ ಎಂಬುದನ್ನು ಓದಲು ಬಸ್ಸು ಇಳಿಯಬೇಕಿತ್ತು. ಅತಿಥಿಗಳ ಕುರ್ಚಿಗಳು ತಂಗುದಾಣಕ್ಕೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಇದ್ದವು. ಪ್ರೊಫೆಸರನಿಗೆ ಮೈಸೂರು ಪೇಟ ತೊಡಿಸಿದ್ದರು. ಪಕ್ಕದಲ್ಲಿ ಮಾತು ತಿಳಿಸಿಹೇಳಲು ರೂಪಶ್ರೀ ಕೂತಿದ್ದಳು. ಮನೆಯವಳೆಂದು ಪ್ರೇಮಲತಾ ಒಳಗೆ ಫೋಟೋದ ಬಳಿ ನಿಂತಿದ್ದಳು. ಕೂರಲು ಅಲ್ಲಿ ಏನೂ ಇರಲಿಲ್ಲವಲ್ಲ.

ಆಗ ಚಂದ್ರಶೇಖರಪ್ಪನ ಆಳುಗಳು ಭುಜದೆತ್ತರದ ಎರಡು ಹಿತ್ತಾಳೆ ದೀಪದ ಕಂಬಗಳನ್ನು ತಂದು ಫೋಟೋದ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿದರು. ಸುತ್ತಲೂ ಬತ್ತಿ, ತುಂಬ ಎಣ್ಣೆ. ಅತಿಥಿಗಳು ಸಾಲಾಗಿ ಬಂದು ಒಂದೊಂದು ಬತ್ತಿ ಹಚ್ಚಿ, ಫೋಟೋಗೆ ಕೈಮುಗಿದು, ಹೋಗಿ ಕುರ್ಚಿಯಲ್ಲಿ ಕೂತರು. ಉಳಿದ ಬತ್ತಿಗಳನ್ನೆಲ್ಲ ಚಂದ್ರಶೇಖರಪ್ಪ ತಾನೇ ಹಚ್ಚಿದ. ಸತ್ತವರ ಎದುರು ದೀಪ ಹಚ್ಚುವುದನ್ನು ಬೆಂಕಿ ಹಾಕುವುದು ಎಂದು ಈ ಊರಿನಲ್ಲಿ ಹುಟ್ಟಿದವರು ಯಾರೂ ಎಣಿಸುವುದಿಲ್ಲ. ದೀಪ ಉರಿಯುತ್ತದೆ ಎಂಬುದು ಅವರಿಗೆ ಗೊತ್ತು. ಅದು ಸುಡುತ್ತದೆ ಎಂದು ಅವರ ಮನಸ್ಸಿಗೆ ಹೊಳೆಯುವುದಿಲ್ಲ. ಬೆಂಗಳೂರಿನ ಹುಡುಗಿಯೂ ಭಾಷಣ ತಿಳಿಸಿಹೇಳುವ ಗಡಿಬಿಡಿಯಲ್ಲಿ ಒಂದು ಬತ್ತಿ ಹಚ್ಚಿಯೇ ಹೋಗಿದ್ದಳು.

ಹೊಳೆದದ್ದು ಪ್ರೇಮಲತಾಳಿಗೆ. ಕೊನೆಯ ಬತ್ತಿ ಹತ್ತಿಕೊಂಡಾಗ ಅವಳು ತಲೆಯೆತ್ತಿ ನೋಡಿದಳು. ಜ್ವಾಲೆಯ ತುದಿಗೂ ಬೇರಿನ ತುದಿಗೂ ಒಂದು ಗೇಣು. ಕಾಫಿ ಲೋಟದ ಬಳೆ ನೆನಪಾಯಿತು.

ಹೊರಗೆ ಓಂಕಾರಮೂರ್ತಿ ಮಾತಿಗೆ ಎದ್ದರು. ಬೆಳೆಗಾರರ ಸಂಘದ ಹಿರಿಯರು ಅವರು; ಮೈಕು ಕೈಗೆ ಬಂದರೆ ಬ್ರಿಟಿಷರ ಕಾಲದಿಂದ ಶುರುಮಾಡುವವರು. ಅವರ ಭಾಷಣದಲ್ಲಿ ಮೊದಲ ಕಾಫಿಗಿಡ ನೆಡುವಷ್ಟರಲ್ಲಿ ಒಂದು ಬೇರಿನ ತುದಿ ಮಿನುಗಿತು. ದೊರೆಗಳ ಕಾಲದ ಬೆಲೆ ಏರುವಷ್ಟರಲ್ಲಿ ಅದರಿಂದ ಒಂದು ಹನಿ ಬಿತ್ತು. ನೋಡಿದ ಜನ ಎಣ್ಣೆ ಇರಬೇಕೆಂದುಕೊಂಡರು.

ಒಂದು ಮಾತು ಸಾಕಿತ್ತು. ಬಗ್ಗಿ ಊದಿದರೂ ಸಾಕಿತ್ತು. ಪ್ರೇಮಲತಾ ಫಲಕವನ್ನು ನೋಡಿದಳು, ಪೇಟದ ಕೆಳಗೆ ಬೆವರುತ್ತಿದ್ದ ಪ್ರೊಫೆಸರನ ಕತ್ತನ್ನು ನೋಡಿದಳು, ತಮ್ಮನ ರೇಷ್ಮೆ ಅಂಗಿಯನ್ನು ನೋಡಿದಳು. ಆಮೇಲೆ ಬೆರಳಿನಿಂದ ಕನ್ನಡಕವನ್ನು ಮೇಲಕ್ಕೆ ಸರಿಸಿಕೊಂಡು ಸುಮ್ಮನೆ ನಿಂತಳು.

ಮೊದಲು ಕಂಡವನು ಗಿಡ್ಡಪ್ಪ. "ಅಯ್ಯೋ, ಬಸ್ ಸ್ಟಾಂಡು ಬೆವರ್ತಾ ಉಂಟು ಮಾರಾಯ್ರೆ!"

ಜನ ನಕ್ಕರು. ಅಷ್ಟರಲ್ಲಿ ಬೇರುಗಳು ಒಂದೊಂದಾಗಿ ಉದ್ದವಾದವು, ಜೋತುಬಿದ್ದವು, ಕಳಚಿದವು. ಬಲಬದಿಯ ಹಲಗೆ ಬೋಲ್ಟಿನಿಂದ ಜಾರಿ ಧೊಪ್ಪನೆ ಬಿದ್ದು ದೀಪದ ಕಂಬವನ್ನೂ ಉರುಳಿಸಿತು. ಹತ್ತಿರ ಓಡಿಬಂದ ಚಂದ್ರಶೇಖರಪ್ಪನ ರೇಷ್ಮೆ ಅಂಗಿಗೆ ಕರಿ ಪಾಕ ಸಿಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಗಿಡ್ಡಪ್ಪ ಒಂದು ಕೊಡ ನೀರು ತಂದು ಸುರಿದ. ಓಂಕಾರಮೂರ್ತಿಯವರು ಸ್ವಾತಂತ್ರ್ಯ ಬರುವವರೆಗೂ ಮಾತು ನಿಲ್ಲಿಸಲಿಲ್ಲ.

ಫೋಟೋದ ಮೇಲಿದ್ದ ಹಲಗೆ ಮಾತ್ರ ಇನ್ನೂ ನೇತಾಡುತ್ತಿತ್ತು. ಅದರ ಬೇರುಗಳು ಉಳಿದವುಗಳ ಹಾಗೆ ಚೆಲ್ಲಾಪಿಲ್ಲಿಯಾಗಿರಲಿಲ್ಲ, ಒಂದು ಸಾಲು ಹಿಡಿದು ಬಳುಕಿದ್ದವು. ನಡುವೆ ಕರಗಿ ಜಾರುತ್ತಿದ್ದ ಆ ಸಾಲನ್ನು ಪ್ರೇಮಲತಾ ಕತ್ತು ಓರೆಮಾಡಿ ಓದಿದಳು. ಅದು 'ಅ'. ದುಂಡಗೆ, ತಟ್ಟೆಯ ಮರಳಿನಲ್ಲಿ ಮಗು ತಿದ್ದಿದ ಹಾಗಿದ್ದ 'ಅ'. ಅವಳು ಓದಿ ಮುಗಿಸುವಷ್ಟರಲ್ಲಿ ಅದು ಅಕ್ಷರವಾಗಿ ಉಳಿಯಲಿಲ್ಲ. ಅಣ್ಣಮ್ಮನ ಫೋಟೋದ ಗಾಜಿನ ಮೇಲೆ ಇಳಿದುಹೋಯಿತು.

ಮರುದಿನ ಹಳದಿ ತೋಳನ್ನು ಲಾರಿಗೆ ಏರಿಸುತ್ತಿದ್ದಾಗ ರೂಪಶ್ರೀ ಅವಳ ಮನೆಯ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ.

"ಆ ಅಕ್ಷರಾನ ನಾನು ಸರ್‌ಗೆ ಹೇಳದೇ ಮಾಡಿದ್ದೆ ಟೀ‌ಚರ್. ನಿಮಗೆ ಆಮೇಲೆ ತೋರಿಸೋಣ ಅಂತ."

"ನೋಡ್ದೆ."

"ನೀವು ಒಳಗೇ ನಿಂತಿದ್ರಿ. ಬಿಸಿ ತಾಗಬಾರದು ಅಂತ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

ಹುಡುಗಿ ಅಳಲಿಲ್ಲ, ಬೈಯಲಿಲ್ಲ. ಪ್ರೇಮಲತಾಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಇನ್ನು ನೋಡುವುದು ಏನೂ ಇಲ್ಲ ಎಂಬಂತೆ ತಿರುಗಿ ಲಾರಿಯ ಕಡೆ ನಡೆದಳು. ಕನ್ನಡಕವೇ ಇಲ್ಲದ ಕಣ್ಣಿಗೆ ಅದು ಎಷ್ಟು ಚೆನ್ನಾಗಿ ಬಂತು ಎಂದು ಪ್ರೇಮಲತಾ ಬಾಗಿಲಲ್ಲಿ ನಿಂತು ಯೋಚಿಸಿದಳು. ಅಷ್ಟು ವರ್ಷ ಊರಿಗೆಲ್ಲ ಹಂಚಿದ್ದು ಹೇಗಿರುತ್ತದೆ ಎಂದು ಅವಳು ತಿಂದು ನೋಡಿದ್ದು ಅವತ್ತೇ.

ಮಧ್ಯಾಹ್ನ ಅವಳು ಗಿಡ್ಡಪ್ಪನಿಗೆ ಹೇಳಿಕಳಿಸಿದಳು. ನಾಲ್ಕು ಆಳು, ಹಗ್ಗ, ಬಿದಿರು. ಹೋಂಸ್ಟೇ ಅಂಗಳಕ್ಕೆ ಹೋಗಿ ಕಳ್ಳಿಗಿಡದ ಕುಂಡಗಳನ್ನು ತಾನೇ ಕೆಳಗಿಳಿಸಿದಳು.

"ಸಾಹುಕಾರ್ರನ್ನ ಒಂದು ಮಾತು ಕೇಳಬೇಡ್ವಾ ಟೀಚರಮ್ಮ?"

"ಸಾಹುಕಾರರ ಅಮ್ಮನ್ನ ಕೇಳಿದೀನಿ. ಎತ್ತು."

ಹಾಸುಗಲ್ಲು ತಿರುವಿಗೆ ಬಂತು. ಎರಡು ಗುಂಡುಕಲ್ಲುಗಳ ಮೇಲೆ, ಮೊಣಕಾಲೆತ್ತರಕ್ಕೆ, ಅಲುಗಾಡದ ಹಾಗೆ ಕೂತಿತು. ಮಗ ಬದುಕಿರುವಾಗಲೇ ಮಗಳು ಮಾಡಿಸಿದಳು ಎಂದು ಊರು ಆಡಿಕೊಂಡಿತು. ಮೊದಲೇ ಮಾಡಿಸಬಹುದಿತ್ತು ಎಂದು ಅವಳಿಗೆ ಹೊಳೆದದ್ದು ಆಡಿಕೊಳ್ಳುವುದು ಎರಡೇ ದಿನದಲ್ಲಿ ನಿಂತಾಗ. ಅಷ್ಟಕ್ಕೆ ಹೆದರಿ ಅವಳು ಅಷ್ಟು ಕಾಲ ಕಾದಿದ್ದಳು. ಹಾಗೆ ಕಾದು, ಕೊನೆಗೆ ಒಂದು ಅಕ್ಷರವನ್ನು ಕರಗಲು ಬಿಟ್ಟಿದ್ದಳು. ಕಲ್ಲಿನ ನೆತ್ತಿಯ ಮೇಲೆ ಉಳಿದುಕೊಂಡ ಚೌಕಟ್ಟಿಗೆ ಚಂದ್ರಶೇಖರಪ್ಪ ಮುಖ ಸಣ್ಣ ಮಾಡಿಕೊಂಡು ಜಿಂಕ್ ಶೀಟ್ ಹೊದಿಸಿದ.

ಶಾಲೆ ಶುರುವಾದ ವಾರ ಅವಳು ಬಸ್ಸಿಗೆ ಕಾಯುತ್ತಾ ಅದರ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿಯ ಮುದುಕಿಯೊಬ್ಬಳು, ಕಲ್ಲು ತನ್ನಪ್ಪನದೇ ಎಂಬ ಹಾಗೆ ಕಾಲು ಚಾಚಿ ಕೂತಿದ್ದಳು. ತಮ್ಮನ ಜೀಪು ಬಂದು ನಿಂತಿತು. ಇಳಿದು ಬಂದ ಅವನು ಸುತ್ತಲೂ ಕಣ್ಣಾಡಿಸಿದ.

"ಅಲ್ಲ ಅಕ್ಕ, ಇಲ್ಲಿದ್ದ ಬೋರ್ಡ್ ಎಂತ ಆಯ್ತು?"

"ಗಿಡ್ಡಪ್ಪನ ಕೋಳಿಗೂಡಿಗೆ ಬಾಗಿಲಾಯ್ತು. ಒಳ್ಳೆ ದಪ್ಪ ತಗಡು, ನರಿ ಬರಲ್ಲ ಅಂತಿದ್ದ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಕೈ ಅಭ್ಯಾಸದಿಂದ ಕನ್ನಡಕದವರೆಗೆ ಹೋಯಿತು. ಹೋಗಿ, ಅಲ್ಲೇ ನಿಂತು, ಕೆಳಗಿಳಿಯಿತು. ಅವಳು ಮುದುಕಿಯ ಕಡೆಗೆ ಸ್ವಲ್ಪ ಜರುಗಿದಳು.

"ಕೂತ್ಕ ಮೊದ್ಲು."

ಚಂದ್ರಶೇಖರಪ್ಪ ಪ್ಯಾಂಟು ಕೊಳೆಯಾದೀತೆಂದು ಕಲ್ಲನ್ನು ಕೈಯಿಂದ ಒರೆಸಿದ. ಅಂಗೈಗೆ, ಚೌಕಟ್ಟಿನಿಂದ ಉದುರಿದ ಕಪ್ಪು ಮರಳಿನ ನಾಲ್ಕು ಕಾಳು ಹತ್ತಿದವು. ಅದನ್ನೇ ನೋಡುತ್ತಾ ಕೂತ. ಮಂಡಿ ಮಡಿಸುವಾಗ ಅವನ ಬಾಯಿಂದ ಅವರಮ್ಮನದೇ "ಅಮ್ಮಾ" ಹೊರಟಿತು.